ತಡೆ ಕಳಚಿದ ಮೇಲೆ

ಕ್ಯಾನ್ಸರ್ ಎಂದೊಡನೆ ಮನಸ್ಸಿಗೆ ಬರುವುದು ಬೆಳವಣಿಗೆಯ ಚಿತ್ರ: ಲಂಗುಲಗಾಮಿಲ್ಲದೆ ಇಬ್ಭಾಗವಾಗುತ್ತ ಹೋಗುವ ಜೀವಕೋಶ, ದಿನೇ ದಿನೇ ಉಬ್ಬುವ ಗಡ್ಡೆ, ಮೈಯೆಲ್ಲ ಹರಡುವ ರೋಗ. ಹೀಗೆ ಯೋಚಿಸುವವರಿಗೆ ಪ್ರಶ್ನೆಯೂ ಒಂದೇ: ಆ ಕೋಶವನ್ನು ಕೆರಳಿಸಿದ್ದು ಯಾವುದು? ಆದರೆ ನಮ್ಮ ದೇಹದಲ್ಲಿ ಕೋಶ ಕೆರಳುವುದಕ್ಕೆ ಕಾರಣಗಳ ಬರವಿಲ್ಲ. ಬಿಸಿಲು, ಹೊಗೆ, ಉರಿಯೂತ, ಕೋಶದೊಳಗಿನ ಮಾಮೂಲಿ ರಾಸಾಯನಿಕ ಕ್ರಿಯೆ, ಇವೆಲ್ಲ ಸೇರಿ ಒಂದೊಂದು ಕೋಶದ ಡಿಎನ್‌ಎಗೂ ದಿನಕ್ಕೆ ಸಾವಿರಾರು ಸಣ್ಣ ಗಾಯಗಳನ್ನು ಮಾಡುತ್ತವೆ. ಅಷ್ಟಾದರೂ ಬಹುಪಾಲು ಜನರ ಬಹುಪಾಲು ಕೋಶಗಳು ಸರಿದಾರಿಯಲ್ಲೇ ಇರುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತಡೆಯಬೇಕಾದದ್ದು ಯಾಕೆ ತಡೆಯಲಿಲ್ಲ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದಾರಿ ಬಹುಮಟ್ಟಿಗೆ ಒಂದೇ ಪ್ರೋಟೀನಿನ ಬಳಿಗೆ ಬಂದು ನಿಲ್ಲುತ್ತದೆ. ಅದರ ಹೆಸರು ಪಿ53. ಅದನ್ನು ತಯಾರಿಸುವ ಟಿಪಿ53 ಜೀನ್ ಇರುವುದು 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಇಷ್ಟು ಸಲ ಕೆಟ್ಟು ಸಿಕ್ಕಿರುವ ಜೀನ್ ಮತ್ತೊಂದಿಲ್ಲ. ಆದರೆ ‘ಪಿ53 ಕೆಟ್ಟಿದೆ, ಅದಕ್ಕೇ ಕ್ಯಾನ್ಸರ್ ಬಂತು’ ಎನ್ನುವ ಒಂದು ಸಾಲಿನ ವಿವರಣೆ ಅರ್ಧಸತ್ಯ. ಎಲ್ಲಿ ಕೆಟ್ಟಿತು, ಯಾವ ಬಗೆಯಲ್ಲಿ ಕೆಟ್ಟಿತು, ರೋಗದ ಯಾವ ಹಂತದಲ್ಲಿ ಕೆಟ್ಟಿತು ಎಂಬ ಮೂರೂ ಗೊತ್ತಾಗದೆ ಆ ಮಾತಿಗೆ ಅರ್ಥ ಬರುವುದಿಲ್ಲ ಎಂಬುದು ನನ್ನ ವಾದ.

ವಿಜ್ಞಾನಿಗಳೇ ಇದನ್ನು ಹತ್ತು ವರ್ಷ ತಲೆಕೆಳಗಾಗಿ ಅರ್ಥಮಾಡಿಕೊಂಡಿದ್ದರು. 1979ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಲೇನ್ ಮತ್ತು ಲಯನೆಲ್ ಕ್ರಾಫರ್ಡ್, ಪ್ರಿನ್ಸ್‌ಟನ್ನಿನಲ್ಲಿ ಆರ್ನಲ್ಡ್ ಲೆವೀನ್ ಮತ್ತು ಡೇನಿಯಲ್ ಲಿಂಜರ್, ಇವರಲ್ಲದೆ ಇನ್ನೂ ಕೆಲವು ತಂಡಗಳು ಎಸ್‌ವಿ40 ಎಂಬ ಕೋತಿಯ ವೈರಸ್ಸಿನ ಬೆನ್ನು ಹತ್ತಿದ್ದವು. ಕೋಶವನ್ನು ಕ್ಯಾನ್ಸರಿನತ್ತ ತಳ್ಳುವ ಆ ವೈರಸ್ಸಿನ ಪ್ರೋಟೀನನ್ನು ಪ್ರತಿಕಾಯ ಬಳಸಿ ಹೊರಗೆಳೆದಾಗಲೆಲ್ಲ ಅದಕ್ಕೆ ಅಂಟಿಕೊಂಡು ಕೋಶದ ಸ್ವಂತದ ಇನ್ನೊಂದು ಪ್ರೋಟೀನೂ ಬರುತ್ತಿತ್ತು. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಅದರ ತೂಕ ಸುಮಾರು 53 ಸಾವಿರ ಡಾಲ್ಟನ್ ಎಂದು ಕಂಡಿದ್ದರಿಂದ ಪಿ53 ಎಂಬ ಹೆಸರು ಬಂತು. ನಿಜವಾದ ತೂಕ 44 ಸಾವಿರಕ್ಕೂ ತುಸು ಕಡಿಮೆ. ಪ್ರೋಲೀನ್ ತುಂಬಿದ ಒಂದು ಭಾಗ ಜೆಲ್‌ನಲ್ಲಿ ಅದರ ಓಟವನ್ನು ನಿಧಾನ ಮಾಡುತ್ತದೆ. ಅಳತೆ ತಿದ್ದಿದರು, ಹೆಸರು ಹಾಗೇ ಉಳಿಯಿತು. ಕ್ಯಾನ್ಸರ್ ಕೋಶಗಳಲ್ಲಿ ಅದು ರಾಶಿರಾಶಿಯಾಗಿ ಸಿಗುತ್ತಿದ್ದುದರಿಂದ, ಇದು ಕ್ಯಾನ್ಸರನ್ನು ಪ್ರಚೋದಿಸುವ ಪ್ರೋಟೀನೇ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಪ್ರಯೋಗಗಳೂ ಹೂಂಗುಟ್ಟಿದವು: ಈ ಜೀನಿನ ಪ್ರತಿಯನ್ನು ಇನ್ನೊಂದು ಕ್ಯಾನ್ಸರ್ ಜೀನಿನ ಜೊತೆ ಕೋಶಕ್ಕೆ ಸೇರಿಸಿದರೆ ಕೋಶ ದಾರಿ ಬಿಡುತ್ತಿತ್ತು. ತಪ್ಪು ಅಡಗಿದ್ದದ್ದು ಆ ಪ್ರತಿಯಲ್ಲಿ. ಪ್ರಯೋಗಾಲಯಗಳು ಬಳಸುತ್ತಿದ್ದ ಪ್ರತಿಗಳು ಬಂದದ್ದು ಗಡ್ಡೆಯ ಕೋಶಗಳಿಂದ. ಅವು ಆಗಲೇ ಮ್ಯುಟೇಶನ್‌ಗೆ, ಅಂದರೆ ಡಿಎನ್‌ಎ ಅಕ್ಷರಗಳ ಬದಲಾವಣೆಗೆ, ಒಳಗಾಗಿದ್ದವು. ಕೆಟ್ಟ ಪಿ53 ಮಾಡುತ್ತಿದ್ದ ಕೆಲಸವನ್ನು ಒಳ್ಳೆಯ ಪಿ53ರ ಲೆಕ್ಕಕ್ಕೆ ಬರೆದಿದ್ದರು. 1989ರಲ್ಲಿ ಲೆವೀನ್ ತಂಡ ಕೆಡದ ಪ್ರತಿಯನ್ನು ಹಾಕಿ ನೋಡಿದಾಗ ಫಲಿತಾಂಶ ತಿರುಗುಮುರುಗಾಯಿತು: ಕೋಶ ಕ್ಯಾನ್ಸರಿನತ್ತ ಹೋಗುವುದನ್ನು ಅದು ತಡೆಯಿತು. ಅದೇ ವರ್ಷ ಬಾಲ್ಟಿಮೋರ್‌ನಲ್ಲಿ ಬರ್ಟ್ ವೋಗಲ್‌ಸ್ಟೈನ್ ತಂಡ ದೊಡ್ಡಕರುಳಿನ ಕ್ಯಾನ್ಸರುಗಳನ್ನು ಪರೀಕ್ಷಿಸಿ, ಜೀನಿನ ಎರಡು ಪ್ರತಿಗಳಲ್ಲಿ ಒಂದು ಪೂರ್ತಿ ಕಳೆದುಹೋಗಿರುವುದನ್ನೂ ಉಳಿದದ್ದರಲ್ಲಿ ಮ್ಯುಟೇಶನ್ ಆಗಿರುವುದನ್ನೂ ತೋರಿಸಿತು. ಖಳನೆಂದು ಗುರುತಿಸಿದ್ದವನು ಕಾವಲುಗಾರ ಎಂದು ಗೊತ್ತಾಯಿತು. 1992ರಲ್ಲಿ ಲೇನ್ ಅದನ್ನು ಜೀನೋಮಿನ ಕಾವಲುಗಾರ ಎಂದೇ ಕರೆದರು.

ಆ ಕಾವಲು ನಡೆಯುವ ಬಗೆ ಹೀಗೆ. ಆರೋಗ್ಯವಾಗಿರುವ ಕೋಶದಲ್ಲಿ ಪಿ53 ಸದಾ ತಯಾರಾಗುತ್ತದೆ, ಸದಾ ನಾಶವಾಗುತ್ತದೆ. ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಅಂಟಿಕೊಂಡು ಅದನ್ನು ಕೋಶದ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸುತ್ತದೆ. ತಯಾರಾದ ಪಿ53ರಲ್ಲಿ ಅರ್ಧದಷ್ಟು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಡಿಎನ್‌ಎ ಎಳೆ ತುಂಡಾದಾಗ ಗಾಯವನ್ನು ಗುರುತಿಸುವ ಕಿಣ್ವಗಳು ಪಿ53ಕ್ಕೆ ಫಾಸ್ಫೇಟ್ ಅಂಟಿಸುತ್ತವೆ, ಎಂಡಿಎಂ2 ಹಿಡಿತ ಸಡಿಲುತ್ತದೆ, ಪಿ53 ಶೇಖರವಾಗುತ್ತದೆ. ಆಗ ಅದು ಡಿಎನ್‌ಎಯ ನಿರ್ದಿಷ್ಟ ತಾಣಗಳಲ್ಲಿ ಕುಳಿತು ಬೇರೆ ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. ಪಿ21 ಎಂಬುದನ್ನು ಎಬ್ಬಿಸಿದರೆ ಕೋಶ ವಿಭಜನೆ ನಿಲ್ಲುತ್ತದೆ, ದುರಸ್ತಿಗೆ ಸಮಯ ಸಿಗುತ್ತದೆ. ದುರಸ್ತಿ ಕೈಮೀರಿದ್ದರೆ ಪ್ಯೂಮಾ, ಬ್ಯಾಕ್ಸ್ ಮುಂತಾದವುಗಳ ಸರದಿ. ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಸುಡುಬಿಸಿಲಿನಲ್ಲಿ ಬೆಂದ ಚರ್ಮದಲ್ಲಿ ಇಂಥ ಸಾವುಗಳು ಸೂಕ್ಷ್ಮದರ್ಶಕಕ್ಕೆ ನೇರವಾಗಿ ಕಾಣುತ್ತವೆ. ಕೆಲಸ ಮಾಡುವ ಪಿ53 ಇಲ್ಲದ ಇಲಿಯ ಚರ್ಮದಲ್ಲಿ ಅದೇ ಅತಿನೇರಳೆ ಕಿರಣಕ್ಕೆ ಹೀಗೆ ಸಾಯುವ ಕೋಶಗಳು ತೀರಾ ಕಡಿಮೆ. ಗಾಯಗೊಂಡೂ ಬದುಕುಳಿದ ಕೋಶವೇ ಇಲ್ಲಿ ಅಪಾಯ.

ಈಗ ಮೊದಲ ಎರಡು ಪ್ರಶ್ನೆಗಳಿಗೆ ಬರೋಣ: ಈ ಪ್ರೋಟೀನ್ ಕೆಡುವುದು ಎಲ್ಲಿ, ಹೇಗೆ? ಕ್ಯಾನ್ಸರನ್ನು ತಡೆಯುವ ಇತರ ಜೀನ್‌ಗಳಲ್ಲಿ ಮ್ಯುಟೇಶನ್ ಎಂದರೆ ಸಾಮಾನ್ಯವಾಗಿ ಪ್ರೋಟೀನ್ ಅರ್ಧಕ್ಕೆ ನಿಲ್ಲುವುದು ಅಥವಾ ತಯಾರೇ ಆಗದಿರುವುದು. ಪಿ53ರ ಮ್ಯುಟೇಶನ್‌ಗಳಲ್ಲಿ ಹೆಚ್ಚಿನವು ಹಾಗಲ್ಲ. 393 ಅಮೈನೊ ಆಮ್ಲಗಳ ಸರಪಳಿಯಲ್ಲಿ ಒಂದು ಮಾತ್ರ ಬದಲಾಗುತ್ತದೆ, ಉಳಿದ 392 ಇದ್ದಂತೆಯೇ ಇರುತ್ತವೆ. ಈ ಬದಲಾವಣೆಗಳು ಎಲ್ಲೆಂದರಲ್ಲಿ ಬೀಳದೆ ಡಿಎನ್‌ಎಯನ್ನು ಹಿಡಿಯುವ ಮಧ್ಯಭಾಗದಲ್ಲಿ, ಅದರಲ್ಲೂ 175, 245, 248, 249, 273, 282 ಎಂಬ ಕೆಲವೇ ಸ್ಥಾನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. 1994ರಲ್ಲಿ ನಿಕೋಲಾ ಪಾವ್ಲೆಟಿಚ್ ಪ್ರಯೋಗಾಲಯ ಪಿ53 ಡಿಎನ್‌ಎಯನ್ನು ಹಿಡಿದುಕೊಂಡಿರುವ ಹರಳಿನ ರಚನೆಯನ್ನು ಬಿಡಿಸಿದಾಗ ಇದರ ಗುಟ್ಟು ಗೊತ್ತಾಯಿತು. 248 ಮತ್ತು 273ನೇ ಸ್ಥಾನದ ಆರ್ಜಿನೈನ್‌ಗಳು ಡಿಎನ್‌ಎಯನ್ನು ನೇರವಾಗಿ ಮುಟ್ಟುವಂಥವು. ಅವು ಬದಲಾದರೆ ಪ್ರೋಟೀನಿನ ಆಕಾರ ಹೆಚ್ಚುಕಡಿಮೆ ಹಾಗೇ ಇದ್ದು ಹಿಡಿತ ಮಾತ್ರ ತಪ್ಪುತ್ತದೆ. 175ನೆಯದು ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಅದು ಇರುವುದು ಸತುವಿನ ಒಂದು ಪರಮಾಣುವನ್ನು ಹಿಡಿದಿಟ್ಟ ಮೂಲೆಯ ಪಕ್ಕದಲ್ಲಿ. ಅದು ಬದಲಾದರೆ ಆ ಇಡೀ ಭಾಗದ ಮಡಿಕೆಯೇ ಕೆಡುತ್ತದೆ. ಎರಡನ್ನೂ ಪಿ53 ಮ್ಯುಟೇಶನ್ ಎಂದೇ ಬರೆಯುತ್ತಾರೆ. ಆದರೆ ಒಂದರಲ್ಲಿ ಹಿಡಿತ ಹೋಗಿದೆ, ಇನ್ನೊಂದರಲ್ಲಿ ಆಕಾರವೇ ಹೋಗಿದೆ.

ಕೆಟ್ಟ ಪ್ರೋಟೀನ್ ಸುಮ್ಮನೆ ಮೂಲೆಯಲ್ಲಿ ಬಿದ್ದಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ. ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಅಣುಗಳು ಒಟ್ಟುಗೂಡಿ ಡಿಎನ್‌ಎಯನ್ನು ಹಿಡಿಯುತ್ತವೆ. ನಾಲ್ವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನ ಕಾಲು ಕುಂಟಾದರೆ ಉಳಿದ ಮೂವರ ಬಲವೂ ಕೆಲಸಕ್ಕೆ ಬಾರದು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದೆ ಎಂದುಕೊಳ್ಳಿ. ಅಣುಗಳು ಸಿಕ್ಕಸಿಕ್ಕಂತೆ ಜೊತೆಗೂಡಿದರೆ ನಾಲ್ಕೂ ಸರಿಯಿರುವ ಗುಂಪು ಹದಿನಾರರಲ್ಲಿ ಒಂದು. ಮೊದಲು ಎರಡೆರಡಾಗಿ ಜೋಡಿಯಾಗಿ ಆಮೇಲೆ ನಾಲ್ಕಾಗುವುದರಿಂದ ನಿಜವಾದ ಲೆಕ್ಕ ಇಷ್ಟು ನಿರ್ದಯವಲ್ಲ, ಆದರೂ ನಷ್ಟ ಅರ್ಧಕ್ಕೆ ನಿಲ್ಲುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಎಂಡಿಎಂ2 ಜೀನನ್ನು ಎಬ್ಬಿಸುವುದೂ ಪಿ53ರ ಕೆಲಸವೇ, ಅಂದರೆ ತನ್ನ ಅಂತ್ಯಕ್ಕೆ ಬೇಕಾದದ್ದನ್ನು ಅದು ತಾನೇ ಒದಗಿಸುತ್ತದೆ. ಕೆಟ್ಟ ಪಿ53ಕ್ಕೆ ಅದು ಸಾಧ್ಯವಿಲ್ಲ. ಗಡ್ಡೆಯ ಕೋಶಗಳಲ್ಲಿ ಅದು ನಾಶವಾಗದೆ ಪೇರಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಬಯಾಪ್ಸಿಯ ತೆಳು ಪದರಕ್ಕೆ ಪಿ53 ಗುರುತಿಸುವ ಬಣ್ಣ ಹಾಕಿದಾಗ ರೋಗಶಾಸ್ತ್ರಜ್ಞರಿಗೆ ಇದು ಬರಿಗಣ್ಣಿಗೆ ಕಂಡಷ್ಟು ಸ್ಪಷ್ಟ: ಆರೋಗ್ಯದ ಅಂಗಾಂಶದಲ್ಲಿ ಅಲ್ಲೊಂದು ಇಲ್ಲೊಂದು ಕೋಶಕೇಂದ್ರ ಮಾತ್ರ ತೆಳುವಾಗಿ ಬಣ್ಣ ಹಿಡಿದಿರುತ್ತದೆ, ಮ್ಯುಟೇಶನ್ ಆದ ಗಡ್ಡೆಯಲ್ಲಿ ಸಾಲುಸಾಲು ಕೋಶಕೇಂದ್ರಗಳು ಕಡುಕಂದು. ಜೀನ್ ಮೊಟಕಾಗಿ ಪ್ರೋಟೀನೇ ತಯಾರಾಗದ ಗಡ್ಡೆಗಳಲ್ಲಿ ಇದಕ್ಕೆ ವಿರುದ್ಧವಾಗಿ ಎಲ್ಲವೂ ಬೋಳು. ಬಣ್ಣ ಅತಿಯಾದರೂ ಅನುಮಾನ, ಪೂರಾ ಇಲ್ಲದಿದ್ದರೂ ಅನುಮಾನ.

ಹೀಗೆ ಪೇರಿಕೊಂಡ ಪ್ರೋಟೀನ್ ತಡೆಯುವುದನ್ನು ಬಿಟ್ಟದ್ದಷ್ಟೇ ಅಲ್ಲ, ರೋಗ ಹರಡುವುದಕ್ಕೆ ಕೈಜೋಡಿಸುವ ಹೊಸ ಗುಣವನ್ನೂ ಪಡೆಯುತ್ತದೆ ಎಂಬ ವಾದ ಬಲವಾಗಿಯೇ ಇದೆ. 2004ರಲ್ಲಿ ಎರಡು ತಂಡಗಳು ಮನುಷ್ಯರಲ್ಲಿ ಕಾಣುವ ಮ್ಯುಟೇಶನ್‌ಗಳನ್ನು ಇಲಿಗಳಲ್ಲಿ ಕೂರಿಸಿದಾಗ, ಪಿ53 ಬರೀ ಕಡಿಮೆಯಾದ ಇಲಿಗಳಿಗಿಂತ ಇವುಗಳ ಗಡ್ಡೆಗಳು ಬೇರೆ ಅಂಗಗಳಿಗೆ ಹರಡಿದ್ದು ಹೆಚ್ಚು. ಆದರೆ 2019ರಲ್ಲಿ ರಕ್ತದ ಕ್ಯಾನ್ಸರ್ ಕೋಶಗಳ ಮೇಲೆ ನಡೆದ ವಿಸ್ತಾರವಾದ ಅಧ್ಯಯನಕ್ಕೆ ಹೊಸ ಗುಣದ ಸುಳಿವು ಸಿಗಲಿಲ್ಲ. ಒಳ್ಳೆಯ ಪ್ರತಿಯನ್ನು ಕಟ್ಟಿಹಾಕುವುದಷ್ಟೇ ಕಂಡಿತು. ನನಗೆ ತೋರುವ ಮಟ್ಟಿಗೆ ಎರಡನೆಯ ಪಕ್ಷದ ಸಾಕ್ಷ್ಯ ಹೆಚ್ಚು ಗಟ್ಟಿ. ಕ್ಯಾನ್ಸರ್ ಬೆಳೆಯುವುದನ್ನು ವಿವರಿಸಲು ತಡೆ ಹೋದದ್ದೊಂದೇ ಬಹುತೇಕ ಸಾಕಾಗುತ್ತದೆ. ಕೆಲವು ಮ್ಯುಟೇಶನ್‌ಗಳು ಕೆಲವು ಅಂಗಾಂಶಗಳಲ್ಲಿ ಇನ್ನೂ ಏನನ್ನೋ ಮಾಡುತ್ತಿರಬಹುದು, ಅದನ್ನು ಎಲ್ಲಕ್ಕೂ ಅನ್ವಯಿಸುವ ಆತುರ ಬೇಡ.

ಇಲ್ಲಿ ಯಾರಾದರೂ ಕೇಳಬಹುದಾದ ಮೊದಲ ಆಕ್ಷೇಪ: ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಪಿ53 ಕೆಟ್ಟಿದ್ದರೆ ಉಳಿದರ್ಧದಲ್ಲಿ ಅದು ಸರಿಯಾಗಿದೆಯಲ್ಲ, ಅವು ಹೇಗೆ ಬೆಳೆದವು? ಜೀನ್ ಸರಿಯಾಗಿರುವುದು ಬೇರೆ, ಪ್ರೋಟೀನ್ ಕೆಲಸ ಮಾಡುವುದು ಬೇರೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಟಿಪಿ53 ಸಾಮಾನ್ಯವಾಗಿ ಅಕ್ಷರವೂ ಬದಲಾಗದೆ ಇರುತ್ತದೆ. ಆದರೆ ಆ ರೋಗಕ್ಕೆ ಕಾರಣವಾದ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನ್, ಕೋಶದ ಇನ್ನೊಂದು ಕಿಣ್ವವನ್ನು ಜೊತೆಗಿಟ್ಟುಕೊಂಡು, ತಯಾರಾದ ಪಿ53ವನ್ನು ತಯಾರಾದಂತೆಲ್ಲ ನಾಶಕ್ಕೆ ಕಳಿಸುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯಿಂದ ತೆಗೆದು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿರುವ ಹೀಲಾ ಕೋಶಗಳ ಸ್ಥಿತಿ ಇದೇ. ಕೆಲವು ಮೂಳೆ, ಕೊಬ್ಬಿನ ಗಡ್ಡೆಗಳಲ್ಲಿ ಎಂಡಿಎಂ2 ಜೀನಿನ ಪ್ರತಿಗಳೇ ಹತ್ತಾರು ಪಟ್ಟು ಹೆಚ್ಚಿರುತ್ತವೆ, ಪಿ53 ತಲೆಯೆತ್ತುವ ಮೊದಲೇ ನಾಶ. ಎಲ್ಲ ಕ್ಯಾನ್ಸರ್‌ಗಳೂ ಹೀಗೇ ಎನ್ನಲಾಗದು, ಪಿ53 ಚೆನ್ನಾಗಿಯೇ ಇರುವ ಗಡ್ಡೆಗಳೂ ಉಂಟು. ಆದರೆ ಬೇರೆ ಬೇರೆ ದಾರಿಯಲ್ಲಿ ಬಂದ ಕ್ಯಾನ್ಸರ್‌ಗಳು ಇದೊಂದು ತಡೆಯನ್ನು ಇಷ್ಟು ಬಗೆಯಲ್ಲಿ ಕಿತ್ತುಹಾಕಿರುವುದೇ ಅದರ ಮಹತ್ವಕ್ಕೆ ಸಾಕ್ಷಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. 2018ರಲ್ಲಿ ಕೇಂಬ್ರಿಡ್ಜ್ ಬಳಿಯ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಕ್ಯಾನ್ಸರ್ ಇಲ್ಲದ ಜನರ ಅನ್ನನಾಳದ ಒಳಪದರವನ್ನು ಚೂರುಚೂರಾಗಿ ಓದಿದರು. ನಡುವಯಸ್ಸಿನವರಲ್ಲಿ, ಅದನ್ನು ದಾಟಿದವರಲ್ಲಿ ಶೇ 2ರಿಂದ 37ರಷ್ಟು ಕೋಶಗಳಲ್ಲಿ ಟಿಪಿ53 ಮ್ಯುಟೇಶನ್ ಇತ್ತು. ಊಟ ಮಾಡಿಕೊಂಡು ಆರಾಮಾಗಿದ್ದವರ ಅನ್ನನಾಳ ಅದು. ಹಾಗಾದರೆ ಪಿ53 ಕೆಟ್ಟರೆ ಕ್ಯಾನ್ಸರ್ ಎಂಬ ಮಾತೇ ಸುಳ್ಳಲ್ಲವೇ? ಸುಳ್ಳು ಎಂದೇ ಹೇಳಬೇಕು, ಆ ಒಂದು ಸಾಲಿನ ರೂಪದಲ್ಲಿ. ಪಿ53 ಹೋಯಿತೆಂದರೆ ಕೋಶಕ್ಕೆ ಬೆಳೆಯುವ ಹುಚ್ಚು ಬರುವುದಿಲ್ಲ, ಬಂದರೆ ತಡೆಯುವುದಿಲ್ಲ ಅಷ್ಟೆ. ಪಿ53 ಪೂರ್ತಿ ತೆಗೆದ ಇಲಿಮರಿಗಳನ್ನು 1992ರಲ್ಲಿ ಮೊದಲ ಬಾರಿಗೆ ಸೃಷ್ಟಿಸಿದಾಗ ಬಹುಪಾಲು ಮರಿಗಳು ಸಹಜವಾಗಿಯೇ ಹುಟ್ಟಿದವು. ಮುಕ್ಕಾಲು ಪಾಲು ಇಲಿಗಳಿಗೆ ಆರು ತಿಂಗಳೊಳಗೆ ಗಡ್ಡೆ ಬಂತು. ಆ ಆರು ತಿಂಗಳಲ್ಲಿ ಬೇರೆ ಮ್ಯುಟೇಶನ್‌ಗಳು ಸೇರಬೇಕಿತ್ತು, ಸೇರಿದವು. ದೊಡ್ಡಕರುಳಿನಲ್ಲಿ ಈ ಅನುಕ್ರಮ ಇನ್ನೂ ಸ್ಪಷ್ಟ: ಎಪಿಸಿ ಎಂಬ ಜೀನ್ ಕೆಟ್ಟು ಪಾಲಿಪ್ ಮೂಡುತ್ತದೆ, ಕೆರಾಸ್ ಕೆಟ್ಟು ಅದು ದೊಡ್ಡದಾಗುತ್ತದೆ, ಬಹಳ ಸಲ ಪಾಲಿಪ್ ಕ್ಯಾನ್ಸರ್ ಆಗುವ ಹೊಸ್ತಿಲಲ್ಲಿ ಟಿಪಿ53 ಕೆಡುತ್ತದೆ. ಬೇರೆ ಕೆಲವು ಅಂಗಗಳಲ್ಲಿ ಅದು ಮೊದಲೇ ಕೆಡುವುದೂ ಉಂಟು. ಹುಟ್ಟುವಾಗಲೇ ಕೆಟ್ಟ ಪ್ರತಿಯೊಂದನ್ನು ಪಡೆದವರ ವಿಷಯವಂತೂ ಕಠೋರ. ಫ್ರೆಡ್ರಿಕ್ ಲೀ ಮತ್ತು ಜೋಸೆಫ್ ಫ್ರಾಮೆನಿ 1969ರಲ್ಲಿ ವರ್ಣಿಸಿದ ಕುಟುಂಬಗಳಲ್ಲಿ ಮಕ್ಕಳಿಗೆ ಸ್ನಾಯು, ಮೂಳೆಯ ಗಡ್ಡೆಗಳು, ಎಳೆವಯಸ್ಸಿನ ತಾಯಂದಿರಿಗೆ ಸ್ತನ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು. ಅದರ ಮೂಲ ಟಿಪಿ53 ಎಂದು 1990ರಲ್ಲಿ ತಿಳಿಯಿತು. ಅವರ ಮೈಯ ಪ್ರತಿ ಕೋಶದಲ್ಲೂ ದೋಷವಿದೆ, ಆದರೂ ಕ್ಯಾನ್ಸರ್ ಹುಟ್ಟುವುದು ಎಲ್ಲೋ ಒಂದೆರಡು ಕೋಶಗಳಲ್ಲಿ. ಮ್ಯುಟೇಶನ್ ರೋಗವಲ್ಲ, ರೋಗಕ್ಕೆ ತೆರೆದ ಅವಕಾಶ.

ಮ್ಯುಟೇಶನ್ ಬಿದ್ದ ಜಾಗವನ್ನು ನೋಡಿ ಅದನ್ನು ತಂದಿಟ್ಟದ್ದು ಯಾರೆಂದೂ ಎಷ್ಟೋ ಸಲ ಹೇಳಬಹುದು. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿನಲ್ಲಿ ಪಕ್ಕಪಕ್ಕದ ಎರಡು ‘ಸಿ’ ಅಕ್ಷರಗಳು ಒಟ್ಟಿಗೇ ‘ಟಿ’ ಆಗಿರುತ್ತವೆ, ಅತಿನೇರಳೆ ಕಿರಣ ಬಿಟ್ಟರೆ ಹಾಗೆ ಮಾಡುವವರು ವಿರಳ. ತಂಬಾಕಿನ ಹೊಗೆಯ ಬೆಂಜೊಪೈರೀನ್ ಅಂಟಿಕೊಳ್ಳಲು ಇಷ್ಟಪಡುವ ಜಾಗಗಳು 157, 248, 273 ಎಂದು 1996ರಲ್ಲಿ ಪ್ರಯೋಗಾಲಯದ ಕೋಶಗಳಲ್ಲಿ ತೋರಿಸಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಮ್ಯುಟೇಶನ್ ಹೆಚ್ಚಾಗಿ ಬೀಳುವ ಜಾಗಗಳೂ ಅವೇ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತು 249ನೆಯದು. ಶೇಂಗಾ, ಮೆಕ್ಕೆಜೋಳಕ್ಕೆ ತೇವದಲ್ಲಿ ಹಿಡಿಯುವ ಒಂದು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಗುಳುತ್ತದೆ. ಯಕೃತ್ತಿನಲ್ಲಿ ಅದು ರೂಪ ಬದಲಿಸಿ ಡಿಎನ್‌ಎಯ ‘ಜಿ’ ಅಕ್ಷರಕ್ಕೆ ಕಚ್ಚಿಕೊಳ್ಳುತ್ತದೆ. 249ನೇ ಸ್ಥಾನದಲ್ಲಿ ‘ಎಜಿಜಿ’ ಎಂದಿದ್ದದ್ದು ‘ಎಜಿಟಿ’ ಆಗುತ್ತದೆ, ಆರ್ಜಿನೈನ್ ಇರಬೇಕಾದಲ್ಲಿ ಸೆರೀನ್ ಬಂದು ಕೂರುತ್ತದೆ. 1991ರಲ್ಲಿ ಚೀನಾದ ಚಿದೊಂಗ್ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಯಕೃತ್ತಿನ ಕ್ಯಾನ್ಸರ್‌ಗಳನ್ನು ಪರೀಕ್ಷಿಸಿದ ಎರಡು ತಂಡಗಳಿಗೂ ಸಿಕ್ಕಿದ್ದು ಇದೇ ಒಂದು ಅಕ್ಷರದ ಬದಲಾವಣೆ. ಅಫ್ಲಟಾಕ್ಸಿನ್ ಅಪರೂಪವಾಗಿರುವ ದೇಶಗಳ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಅದು ಕಾಣುವುದೇ ವಿರಳ.

ಇದಕ್ಕೆ ಎದುರಾಗಿ ನಿಲ್ಲುವ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದನ್ನು ಮಂಡಿಸಿದವರು ಕ್ರಿಸ್ಟಿಯನ್ ತೊಮಾಸೆಟ್ಟಿ ಮತ್ತು ಮೇಲೆ ಹೇಳಿದ ವೋಗಲ್‌ಸ್ಟೈನ್ ಅವರೇ: ಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ತಾವಾಗಿಯೇ ಆಗುತ್ತವೆ, ಕ್ಯಾನ್ಸರಿಗೆ ಕಾರಣವಾದ ಮ್ಯುಟೇಶನ್‌ಗಳಲ್ಲಿ ದೊಡ್ಡ ಪಾಲು ಇಂಥ ಆಕಸ್ಮಿಕವೇ. ಪಿ53ರಲ್ಲೂ ಇದು ಕಾಣುತ್ತದೆ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ 175, 248, 273, 282ರಲ್ಲಿ ಆಗುವ ಬದಲಾವಣೆಗಳಲ್ಲಿ ಬಹಳಷ್ಟು, ಹೊರಗಿನ ಯಾವ ವಿಷದ ನೆರವೂ ಇಲ್ಲದೆ, ಡಿಎನ್‌ಎಯ ರಾಸಾಯನಿಕ ಸ್ವಭಾವದಿಂದಲೇ ಆಗುವಂಥವು. ಏನೂ ತಪ್ಪು ಮಾಡದೆ ಕ್ಯಾನ್ಸರ್ ಬಂದವರಿಗೆ ‘ನಿಮ್ಮ ಊಟವೇ ಕಾರಣ, ನಿಮ್ಮ ಮನಸ್ಸೇ ಕಾರಣ’ ಎಂದು ಉಪದೇಶ ಮಾಡುವುದು ಕ್ರೂರ, ಜೊತೆಗೆ ಅವೈಜ್ಞಾನಿಕ. ಆದರೆ ಆಕಸ್ಮಿಕದ ಪಾಲು ದೊಡ್ಡದು ಎಂಬುದರಿಂದ ತಪ್ಪಿಸಬಹುದಾದ ಪಾಲು ಚಿಕ್ಕದಾಗುವುದಿಲ್ಲ. ಕ್ಯಾನ್ಸರಿಗೆ ಹಲವು ಮ್ಯುಟೇಶನ್‌ಗಳು ಕೂಡಬೇಕು ಎಂದಾದರೆ ಅವುಗಳಲ್ಲಿ ಒಂದನ್ನು ತಪ್ಪಿಸಿದರೂ ಲೆಕ್ಕ ಬದಲಾಗುತ್ತದೆ. ಚಿದೊಂಗ್‌ನಲ್ಲಿ ಆದದ್ದು ಅದೇ. 1980ರ ದಶಕದ ನಡುವೆ ಚೀನಾದ ಆಹಾರ ನೀತಿ ಸಡಿಲವಾಗಿ ಅಲ್ಲಿನವರು ಮೆಕ್ಕೆಜೋಳ ಬಿಟ್ಟು ಅಕ್ಕಿಯ ಅನ್ನಕ್ಕೆ ಹೊರಳಿದರು. ಕೂಡಿಟ್ಟಿದ್ದ ರಕ್ತದ ಮಾದರಿಗಳಲ್ಲಿ ಅಫ್ಲಟಾಕ್ಸಿನ್ ಗುರುತು ವರ್ಷದಿಂದ ವರ್ಷಕ್ಕೆ ಇಳಿದು ಕೊನೆಗೆ ಅಳತೆಗೇ ಸಿಗದಾಯಿತು. ಯಕೃತ್ತಿನ ಕ್ಯಾನ್ಸರಿನ ಸಾವುಗಳೂ ಇಳಿದವು. ಯಕೃತ್ತಿನ ಕ್ಯಾನ್ಸರಿಗೆ ಇನ್ನೊಂದು ಕಾರಣವಾದ ಹೆಪಟೈಟಿಸ್ ಬಿ ವೈರಸ್ಸಿನ ಲಸಿಕೆ ಸಿಗದ ಕಾಲದಲ್ಲಿ ಹುಟ್ಟಿ ದೊಡ್ಡವರಾದವರಲ್ಲೂ ಇಳಿದವು, ಆದ್ದರಿಂದ ಶ್ರೇಯಸ್ಸು ಪೂರ್ತಿ ಲಸಿಕೆಯದಲ್ಲ. ಶೇಂಗಾ, ಮೆಕ್ಕೆಜೋಳ ಎರಡನ್ನೂ ಬೆಳೆದು ತಿನ್ನುವ ನಮ್ಮ ನಾಡಿನಲ್ಲಿ ಕಾಳನ್ನು ಚೆನ್ನಾಗಿ ಒಣಗಿಸಿ ಇಡುವುದು, ಬೂಷ್ಟು ಹಿಡಿದದ್ದನ್ನು ಎಸೆಯುವುದು ಬರೀ ರುಚಿಯ ಪ್ರಶ್ನೆಯಲ್ಲ. ತಂಬಾಕು ಅಗಿಯುವುದು ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ ಬಾಯಿಯ ಕ್ಯಾನ್ಸರಿನ ಮಾತೂ ಇದಕ್ಕೆ ಸೇರಿದ್ದೇ. ಒಸಡು, ಕೆನ್ನೆಯ ಒಳಭಾಗದ ಕ್ಯಾನ್ಸರುಗಳ ಜೀನೋಮನ್ನು ಓದಿ ಭಾರತದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಪದೇ ಪದೇ ಕೆಟ್ಟು ಸಿಕ್ಕ ಜೀನ್‌ಗಳಲ್ಲಿ ಟಿಪಿ53 ಇತ್ತು.

ತಡೆ ಇಷ್ಟು ಮುಖ್ಯವಾದರೆ ಅದನ್ನು ಹೆಚ್ಚಿಸಿಬಿಡಬಾರದೇ? ಆನೆಗಳು ಹಾಗೆ ಮಾಡಿಕೊಂಡಂತೆ ಕಾಣುತ್ತದೆ: ನಮಗೆ ಈ ಜೀನಿನ ಒಂದು ಜೊತೆ, ಅವಕ್ಕೆ ಅದರ ನಕಲುಗಳೂ ಸೇರಿ ಇಪ್ಪತ್ತು ಜೊತೆ. ಅಷ್ಟು ದೊಡ್ಡ ಮೈ, ಅಷ್ಟು ಕೋಶಗಳಿದ್ದರೂ ಆನೆಗಳಲ್ಲಿ ಕ್ಯಾನ್ಸರ್ ಕಡಿಮೆ. ಆದರೆ 2002ರಲ್ಲಿ ಪಿ53 ಸದಾ ಹೆಚ್ಚು ಚುರುಕಾಗಿರುವಂತೆ ಮಾಡಿದ ಇಲಿಗಳಿಗೆ ಗಡ್ಡೆ ಕಡಿಮೆಯಾಯಿತು, ಮುಪ್ಪು ಬೇಗ ಬಂತು. ಸುಮ್ಮಸುಮ್ಮನೆ ಕೋಶಗಳನ್ನು ನಿಲ್ಲಿಸುವ, ಕೊಲ್ಲುವ ತಡೆಗೂ ಬೆಲೆ ತೆರಬೇಕು.

ಚಿಕಿತ್ಸೆಯ ದಾರಿ ಕಷ್ಟವಾಗಿರುವುದಕ್ಕೆ ಕಾರಣ ಸರಳ. ಅತಿಯಾಗಿ ಕೆಲಸ ಮಾಡುವ ಪ್ರೋಟೀನನ್ನು ಔಷಧ ಹಾಕಿ ನಿಲ್ಲಿಸಬಹುದು, ಕೆಲಸ ಬಿಟ್ಟ ಪ್ರೋಟೀನನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ? ಹಚ್ಚಿದರೆ ಫಲವಿದೆ ಎಂಬುದು 2007ರಲ್ಲಿಯೇ ಗೊತ್ತಾಗಿದೆ: ಇಲಿಗಳಲ್ಲಿ ಗಡ್ಡೆ ಬೆಳೆದ ಮೇಲೆ ಪಿ53ವನ್ನು ಮರಳಿ ತಂದಾಗ ಗಡ್ಡೆಗಳು ಕುಗ್ಗಿದವು. ಮನುಷ್ಯರಲ್ಲಿ ದೊಡ್ಡ ನಿರೀಕ್ಷೆ ಹುಟ್ಟಿಸಿದ್ದ ಎಪ್ರೆನೆಟಪಾಪ್ಟ್ ಎಂಬ ಔಷಧ ಮೂರನೇ ಹಂತದ ಪರೀಕ್ಷೆಯಲ್ಲಿ 2020ರ ಕೊನೆಗೆ ಸೋತಿತು. ಈಗ ಹೆಚ್ಚು ಭರವಸೆ ಮೂಡಿಸಿರುವುದು ಇನ್ನೂ ಪರೀಕ್ಷೆಯಲ್ಲಿರುವ ರೆಜಟಪಾಪ್ಟ್. 220ನೇ ಸ್ಥಾನದಲ್ಲಿ ದೊಡ್ಡ ಟೈರೊಸೀನ್ ಹೋಗಿ ಸಣ್ಣ ಸಿಸ್ಟೀನ್ ಬಂದಾಗ ಪ್ರೋಟೀನಿನ ಮೈಯಲ್ಲಿ ಒಂದು ಪೊಳ್ಳು ಉಂಟಾಗುತ್ತದೆ, ಅದರಿಂದ ಇಡೀ ರಚನೆ ಸಡಿಲವಾಗುತ್ತದೆ. ಆ ಪೊಳ್ಳಿನಲ್ಲೇ ಹೋಗಿ ಕೂರುವಂತೆ ಈ ಅಣುವನ್ನು ರೂಪಿಸಿದ್ದಾರೆ. 175ರ ಅಥವಾ 273ರ ಮ್ಯುಟೇಶನ್ ಇರುವವರಿಗೆ ಇದರಿಂದ ಪ್ರಯೋಜನವಿಲ್ಲ, ಅವರ ಪ್ರೋಟೀನಿನಲ್ಲಿ ಆ ಪೊಳ್ಳೇ ಇರುವುದಿಲ್ಲ.

ಆದ್ದರಿಂದಲೇ ಜೀನ್ ಪರೀಕ್ಷೆಯ ವರದಿಯಲ್ಲಿ ‘ಟಿಪಿ53’ ಎಂಬ ಸಾಲು ಕಂಡು ಗಾಬರಿಯಾಗುವ ಕುಟುಂಬಗಳು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಪರೀಕ್ಷೆಗೆ ಕೊಟ್ಟದ್ದು ಗಡ್ಡೆಯ ಚೂರೋ ರಕ್ತವೋ? ಗಡ್ಡೆಯಲ್ಲಿ ಮಾತ್ರ ಇದ್ದರೆ ಅದು ಆ ವ್ಯಕ್ತಿಯ ಜೀವಿತಕಾಲದಲ್ಲಿ ಆ ಕೋಶಗಳಲ್ಲಿ ಆದ ಬದಲಾವಣೆ, ಮಕ್ಕಳಿಗೆ ದಾಟುವುದಿಲ್ಲ. ರಕ್ತದಲ್ಲೂ ಇದ್ದರೆ ಹುಟ್ಟಿನಿಂದ ಬಂದಿರುವ ಸಾಧ್ಯತೆಯಿದೆ. ವಯಸ್ಸಾದವರ ರಕ್ತಕೋಶಗಳಲ್ಲಿ ತಡವಾಗಿ ಮೂಡಿದ್ದೂ ಇರಬಹುದು, ಅದನ್ನು ಇನ್ನೊಂದು ಅಂಗಾಂಶದ ಪರೀಕ್ಷೆಯಿಂದ ಬೇರ್ಪಡಿಸಬೇಕು. ಹುಟ್ಟಿನಿಂದ ಬಂದದ್ದೆಂದು ಖಚಿತವಾದರೆ ಒಡಹುಟ್ಟಿದವರ, ಮಕ್ಕಳ ಪರೀಕ್ಷೆಯ ಮಾತು ಬರುತ್ತದೆ, ವಿಕಿರಣ ಚಿಕಿತ್ಸೆಯ ನಿರ್ಧಾರವನ್ನೂ ಹೆಚ್ಚು ಎಚ್ಚರದಿಂದ ಮಾಡಬೇಕಾಗುತ್ತದೆ, ಏಕೆಂದರೆ ಅಂಥವರಲ್ಲಿ ವಿಕಿರಣ ಬಿದ್ದ ಜಾಗದಲ್ಲೇ ಮುಂದೆ ಹೊಸ ಗಡ್ಡೆ ಹುಟ್ಟುವ ಅಪಾಯ ಹೆಚ್ಚು. ಇದರ ಜೊತೆಗೆ ಬದಲಾದ ಸ್ಥಾನದ ಸಂಖ್ಯೆ ಯಾವುದೆಂದೂ ಕೇಳಿ ಬರೆದಿಟ್ಟುಕೊಳ್ಳಬೇಕು.